ಮೆದುಳಿನ ಪಹಣಿ ಯಾರ ಹೆಸರಿನಲ್ಲಿದೆ?

ತುಮಕೂರಿನಿಂದ ಶಿರಾ ಕಡೆಗೆ ಹೋಗುವ ಹೆದ್ದಾರಿಯಲ್ಲಿ ವಸಂತನರಸಾಪುರದ ಕೈಗಾರಿಕಾ ಪ್ರದೇಶ ಸಿಗುತ್ತದೆ. 2014ರ ಸೆಪ್ಟೆಂಬರಿನಲ್ಲಿ ಪ್ರಧಾನಿಯವರು ಬಂದು ಫುಡ್ ಪಾರ್ಕ್ ಉದ್ಘಾಟಿಸಿ ಹೋದ ಮೇಲೆ ಈ ಊರಿನ ಹೆಸರು ಹೊರಗಿನವರಿಗೂ ಗೊತ್ತಾಯಿತು. ಅದಕ್ಕೂ ಮೊದಲು ಇಲ್ಲಿಯ ರೈತರಿಗೆ ಗೊತ್ತಾದದ್ದು ಕೆಐಎಡಿಬಿ ಎಂಬ ಐದು ಅಕ್ಷರ ಮತ್ತು 28(1) ಎಂಬ ಸಂಖ್ಯೆ. ಕಾನೂನು ಓದದವರೂ ಇಲ್ಲಿ '28(1) ಆಗಿದೆ', '28(4) ಆಯ್ತು' ಎಂದು ಮಳೆ ಬೆಳೆಯ ಸುದ್ದಿ ಹೇಳಿದಷ್ಟು ಸಲೀಸಾಗಿ ಹೇಳುತ್ತಾರೆ. ಜಮೀನು ಹೋಗುವವರಿಗೆ ಸೆಕ್ಷನ್ನುಗಳು ತಾವಾಗಿ ಬಾಯಿಪಾಠವಾಗುತ್ತವೆ.

ಅಲ್ಲಿಯ ಹಿರಿಯರೊಬ್ಬರು ನಮಗೆ ಪರಿಚಿತರು. ಕೆಲ ತಿಂಗಳ ಹಿಂದೆ ಅವರು ಒಂದು ಪ್ಲಾಸ್ಟಿಕ್ ಕವರ್ ಬಿಚ್ಚಿ ನಮ್ಮ ಮುಂದೆ ಕಾಗದಗಳನ್ನು ಹರಡಿದರು. ರೇಷನ್ ಕಾರ್ಡು, ಬ್ಯಾಂಕಿನ ಪಾಸ್ ಪುಸ್ತಕ, ಜಮೀನಿನ ನೋಟೀಸು, ಪರಿಹಾರದ ಒಪ್ಪಂದ ಪತ್ರ. ಇವುಗಳ ನಡುವೆ ಆಸ್ಪತ್ರೆಯೊಂದರ ಎರಡು ಹಾಳೆಗಳೂ ಇದ್ದವು. ಅವರ ಮನೆಯಾಕೆಗೆ ಮರೆವಿನ ಕಾಯಿಲೆ. ಬೆಂಗಳೂರಿಗೆ ಕರೆದುಕೊಂಡು ಹೋಗಿ ತಲೆಯ ಎಂಆರ್‌ಐ ಮಾಡಿಸಿದ್ದರು. ಆಗ ಸಂಶೋಧನೆಗೂ ಒಪ್ಪಿಗೆ ಎಂದು ಆಕೆಯ ಪರವಾಗಿ ಇವರೇ ಸಹಿ ಹಾಕಿದ್ದರು.

"ಓದಿ ಹೇಳಿ ಸಾಬ್ರೇ. ಜಮೀನಿನ ಕಾಗ್ದ ನಂಗೆ ಅರ್ಥ ಆಗ್ತದೆ, ಇದು ಆಗಲ್ಲ" ಎಂದರು.

ಓದಿದೆವು. ಕನ್ನಡವೇ. ಆದರೆ ನಮಗೂ ಎರಡು ಸಲ ಓದಬೇಕಾಯಿತು. ರೋಗಿಯ 'ದತ್ತಾಂಶ'ವನ್ನು 'ಅನಾಮಧೇಯಗೊಳಿಸಿ' ದೇಶದ ಹಾಗೂ ಹೊರದೇಶಗಳ ಸಂಶೋಧಕರೊಂದಿಗೆ 'ಭವಿಷ್ಯದ ಉದ್ದೇಶಗಳಿಗಾಗಿ' ಹಂಚಿಕೊಳ್ಳಬಹುದು ಎಂಬುದು ಒಟ್ಟು ತಾತ್ಪರ್ಯ. ಅನಾಮಧೇಯ ಎಂದರೆ ಏನೆಂದು ಗೊತ್ತೇ ಯಜಮಾನ್ರೇ ಎಂದು ಕೇಳಿದೆವು. "ಹೆಸರು ಹಾಕ್ದೆ ಬರೆಯೋ ಮೂಕರ್ಜಿ ತಾನೇ?" ಎಂದರು. ತಪ್ಪೇನೂ ಹೇಳಲಿಲ್ಲ. ನಮ್ಮ ಊರುಗಳಲ್ಲಿ ಅನಾಮಧೇಯ ಎಂಬ ಪದ ಬದುಕಿರುವುದು ಎರಡೇ ಕಡೆ: ಮೂಕರ್ಜಿಯಲ್ಲಿ ಮತ್ತು ಪೊಲೀಸರು ರೈಲು ಹಳಿಯ ಪಕ್ಕ ಕಂಡ ಹೆಣದಲ್ಲಿ. ಕಾಪಾಡುತ್ತೇವೆ ಎಂದು ಭರವಸೆ ಕೊಡಲು ಆರಿಸಿದ ಪದವೇ ದಿಕ್ಕಿಲ್ಲದವರನ್ನು ನೆನಪಿಸುವಂತಿದ್ದರೆ ಆ ಭರವಸೆಯನ್ನು ಯಾರು ನಂಬಬೇಕು?

ಇಂಗ್ಲಿಷಿನಲ್ಲಿ ಬರೆದು ಕನ್ನಡಕ್ಕೆ ಇಳಿಸಿದ ಇಂಥ ಕಾಗದಗಳು ನಮ್ಮ ಕಾಲದ ಒಂದು ಸಾಹಿತ್ಯ ಪ್ರಕಾರವೇ ಆಗಿಬಿಟ್ಟಿವೆ. ಕಥೆ ಕವನಗಳಿಗಿಂತ ಹೆಚ್ಚು ಜನ ಇವಕ್ಕೆ ಸಹಿ ಹಾಕುತ್ತಾರೆ. ಆದರೂ ಇವುಗಳ ಬಗ್ಗೆ ವಿಮರ್ಶೆ ಬರೆಯುವವರಿಲ್ಲ. ನಾವು ಬರೆಯಲು ಹೊರಟಿದ್ದೇವೆ. ಕಾರಣ ಭಾಷೆಯ ಮಡಿವಂತಿಕೆ ಅಲ್ಲ. ಮೆದುಳಿನ ಸಂಶೋಧನೆಯ ಮಾಹಿತಿ ದೇಶದಿಂದ ದೇಶಕ್ಕೆ ಹೋಗುವ ವಿಚಾರದಲ್ಲಿ ದೊಡ್ಡ ದೊಡ್ಡ ಕಾನೂನುಗಳು ಬಂದಿವೆ. ಆ ಎಲ್ಲ ಕಾನೂನುಗಳ ಬುಡದಲ್ಲಿ ಇರುವುದು ಇಂಥ ಎರಡು ಹಾಳೆ, ಒಂದು ಸಹಿ.

ಮೊದಲೇ ಒಂದು ಮಾತು ಸ್ಪಷ್ಟಪಡಿಸಬೇಕು. ಮಾಹಿತಿ ಗಡಿ ದಾಟಲೇಬಾರದು ಎಂಬ ವಾದ ನಮ್ಮದಲ್ಲ. ಹಾಗೆ ಹೇಳುವವರು ಮರೆವಿನ ರೋಗಿಯನ್ನು ಮನೆಯಲ್ಲಿಟ್ಟುಕೊಂಡು ಒಂದು ವಾರ ಕಳೆಯಲಿ. ಮೆದುಳಿನ ಚಿತ್ರಗಳನ್ನು ಹೋಲಿಸಿ ನೋಡಲು ಜಗತ್ತಿನ ಪ್ರಯೋಗಾಲಯಗಳು ಹೆಚ್ಚಾಗಿ ಬಳಸುವ ಮಾದರಿ ನಕ್ಷೆ ಕೆನಡಾದ ಮಾಂಟ್ರಿಯಲ್‌ನಲ್ಲಿ 152 ಜನರ ಮೆದುಳಿನಿಂದ ಮಾಡಿದ್ದು. ಅದಕ್ಕೂ ಹಿಂದಿನದು 1988ರ ತಲೈರಾಖ್ ನಕ್ಷೆ. ಅದರ ಆಧಾರ ಫ್ರಾನ್ಸಿನ ಒಬ್ಬ ವೃದ್ಧೆಯ ಮೆದುಳು. ನಮ್ಮವರ ಮೆದುಳಿನ ಅಳತೆ ಇವುಗಳಿಗೆ ಸರಿಹೊಂದುವುದಿಲ್ಲ ಎಂದು ಹೈದರಾಬಾದಿನ ಐಐಐಟಿಯವರು 2019ರಲ್ಲಿ ನೂರು ಜನರ ಮೆದುಳಿನಿಂದ ಭಾರತೀಯ ನಕ್ಷೆಯೊಂದನ್ನು ಮಾಡಿದರು. 2020ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ತಂಡ 6ರಿಂದ 60 ವರ್ಷದವರೆಗಿನ ವಯಸ್ಸಿಗೆ ಐದು ನಕ್ಷೆಗಳನ್ನು ಪ್ರಕಟಿಸಿತು. ನಮ್ಮ ಮೆದುಳಿನ ಮಾಹಿತಿ ಜಗತ್ತಿನ ಲೆಕ್ಕಕ್ಕೆ ಸೇರದಿದ್ದರೆ ಕೋರಾ ಹೋಬಳಿಯ ಅಜ್ಜಿಯ ಮೆದುಳನ್ನು ಮಾಂಟ್ರಿಯಲ್‌ನ ಯುವಕರ ಅಳತೆಗೋಲಿನಿಂದಲೇ ಅಳೆಯಬೇಕಾಗುತ್ತದೆ.

ಹಂಚಿಕೊಂಡು ಲಾಭವಾದ ಉದಾಹರಣೆಯೂ ಇದೆ. ಹರಿಯಾಣದ ಬಲ್ಲಭಗಢದ ಹಳ್ಳಿಗರನ್ನೂ ಅಮೆರಿಕದ ಪೆನ್ಸಿಲ್ವೇನಿಯಾದ ಮೊನೊಂಗಹೇಲಾ ಕಣಿವೆಯ ಜನರನ್ನೂ ಜೊತೆಗಿಟ್ಟು 1990ರ ದಶಕದಲ್ಲಿ ಮರೆವಿನ ರೋಗದ ಅಧ್ಯಯನ ನಡೆಯಿತು. ಇಂಗ್ಲಿಷಿನ ನೆನಪಿನ ಪರೀಕ್ಷೆ ಓದು ಬರಹ ಬಾರದವರಿಗೆ ಒಗ್ಗುವುದಿಲ್ಲ ಎಂದು ಅದಕ್ಕಾಗಿಯೇ ಹಿಂದಿಯಲ್ಲಿ ಹೊಸ ಪರೀಕ್ಷೆ ಕಟ್ಟಿದರು. ಬಲ್ಲಭಗಢದಲ್ಲಿ ಆಲ್ಝೈಮರ್ ಕಾಯಿಲೆ ಅಚ್ಚರಿಯಾಗುವಷ್ಟು ಕಡಿಮೆ ಎಂದು ಕಂಡುಬಂತು. ಏಕೆ ಎಂಬ ಪ್ರಶ್ನೆಯ ಬೆನ್ನು ಹತ್ತಿ ಎಷ್ಟೋ ಸಂಶೋಧನೆಗಳಾದವು. ಎರಡು ಊರಿನ ಮಾಹಿತಿ ಒಂದೇ ಮೇಜಿನ ಮೇಲೆ ಬರದಿದ್ದರೆ ಆ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ಕರ್ನಾಟಕ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ನಿಮ್ಹಾನ್ಸ್‌ನಲ್ಲಿ 1995ರಿಂದ ಮಾನವ ಮೆದುಳಿನ ಬ್ಯಾಂಕ್ ಇದೆ. ಸತ್ತವರ ಮನೆಯವರು ಅತ್ಯಂತ ದುಃಖದ ಗಳಿಗೆಯಲ್ಲಿ ಒಪ್ಪಿಗೆ ಕೊಟ್ಟದ್ದರಿಂದ ಅದು ಬೆಳೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ವರ್ಷ ದಾಟಿದ 10 ಸಾವಿರ ಜನರನ್ನು ವರ್ಷಗಳ ಕಾಲ ಗಮನಿಸುವ ಗುರಿಯಿಟ್ಟುಕೊಂಡು 2018ರಲ್ಲಿ ಕೆಲಸ ಆರಂಭಿಸಿತು. ಮಾವು ಮತ್ತು ಟೊಮೆಟೊ ಬೆಳೆಯುವ ಆ ಸೀಮೆಯ ಜನರ ರಕ್ತ, ನಡಿಗೆ, ನೆನಪು, ಮೆದುಳಿನ ಚಿತ್ರ ಎಲ್ಲವೂ ಇಂದು ವಿಜ್ಞಾನದ ಸಾಮಗ್ರಿ. ಇದು ಸಣ್ಣ ಕೆಲಸವಲ್ಲ. ಹಳ್ಳಿಯ ಮುದುಕರ ಮರೆವನ್ನು 'ವಯಸ್ಸಾಯ್ತು ಬಿಡಿ' ಎಂದು ತಳ್ಳಿಹಾಕುವ ನಾಡಿನಲ್ಲಿ ಯಾರೋ ಬಂದು ಕುಳಿತು ಕೇಳಿದರಲ್ಲ, ಅಷ್ಟಾದರೂ ಆಯಿತು.

ಗಡಿ ದಾಟುವ ಯೋಜನೆಗಳೂ ಇಲ್ಲಿಂದಲೇ ಹೊರಟಿವೆ. ಐಸಿಎಂಆರ್ ಮತ್ತು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ ಹಣ ಕೊಟ್ಟ, ನಿಮ್ಹಾನ್ಸ್ ಹಾಗೂ ಲಂಡನ್ನಿನ ಕಿಂಗ್ಸ್ ಕಾಲೇಜಿನ ತಜ್ಞರು ಮುನ್ನಡೆಸಿದ 'ಸಿ-ವೇದಾ' ಎಂಬ ಅಧ್ಯಯನದಲ್ಲಿ 6ರಿಂದ 23 ವರ್ಷದೊಳಗಿನ ಸಾವಿರಾರು ಮಕ್ಕಳು, ಯುವಕರು ಭಾಗಿಗಳು. ಬೆಂಗಳೂರು, ಮೈಸೂರಿನ ಮಕ್ಕಳೂ ಅದರಲ್ಲಿದ್ದಾರೆ. ಅಮೆರಿಕದ ಸರ್ಕಾರಿ ಹಣದಿಂದ, ದೆಹಲಿಯ ಏಮ್ಸ್ ಮತ್ತು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಸೇರಿ ನಡೆಸಿದ 'ಲಾಸಿ-ಡ್ಯಾಡ್' ಅಧ್ಯಯನ ದೇಶದ 60 ದಾಟಿದ 4 ಸಾವಿರಕ್ಕೂ ಹೆಚ್ಚು ಹಿರಿಯರ ಮರೆವನ್ನು ಅಳೆಯಿತು. 60 ಮೀರಿದವರಲ್ಲಿ ನೂರಕ್ಕೆ 7.4 ಮಂದಿಗೆ ಮರೆಗುಳಿತನವಿದೆ ಎಂಬ, ಈಗ ಎಲ್ಲರೂ ಉಲ್ಲೇಖಿಸುವ ಅಂದಾಜು ಬಂದದ್ದು ಇದರಿಂದಲೇ. ಆ ಸಮೀಕ್ಷೆಯ ಮಾಹಿತಿಯನ್ನು ಹೆಸರು ನೋಂದಾಯಿಸಿಕೊಂಡ ಯಾವ ದೇಶದ ಸಂಶೋಧಕರಾದರೂ ಪಡೆಯುವ ವ್ಯವಸ್ಥೆ ಮಾಡಿದರು. ವಿಜ್ಞಾನಕ್ಕೆ ಇದು ಒಳ್ಳೆಯದೇ.

ಹಾಗಾದರೆ ತಕರಾರು ಎಲ್ಲಿ?

ಹೆಸರು ತೆಗೆದರೆ ಸಾಕು ಎಂಬ ನಂಬಿಕೆಯಲ್ಲಿ. ತಲೆಯ ಎಂಆರ್‌ಐ ತೆಗೆದಾಗ ಮೆದುಳು ಮಾತ್ರ ಬರುವುದಿಲ್ಲ, ಮೂಗು, ಗಲ್ಲ, ಹುಬ್ಬಿನ ಏಣು ಎಲ್ಲವೂ ಬರುತ್ತವೆ. ಕಂಪ್ಯೂಟರಿನಲ್ಲಿ ಜೋಡಿಸಿದರೆ ಮುಖವೇ ಎದ್ದು ನಿಲ್ಲುತ್ತದೆ. ಅಮೆರಿಕದ ಮೇಯೊ ಕ್ಲಿನಿಕ್ಕಿನವರು 2019ರಲ್ಲಿ 84 ಸ್ವಯಂಸೇವಕರ ಹೆಸರಿಲ್ಲದ ಎಂಆರ್‌ಐ ಚಿತ್ರಗಳನ್ನೂ ಅವರ ಫೋಟೊಗಳನ್ನೂ ಸಾಮಾನ್ಯ ಮುಖ ಗುರುತಿಸುವ ಸಾಫ್ಟ್‌ವೇರ್‌ಗೆ ಕೊಟ್ಟು ನೋಡಿದರು. 70 ಜನರನ್ನು ಅದು ಸರಿಯಾಗಿ ಗುರುತಿಸಿತು. ಮುಖದ ಭಾಗವನ್ನು ಅಳಿಸಿ ಕಳಿಸುವ ಉಪಾಯಗಳಿವೆ, ಒಳ್ಳೆಯ ಪ್ರಯೋಗಾಲಯಗಳು ಬಳಸುತ್ತವೆ. ಆದರೆ ಮೆದುಳಿನ ಮಡಿಕೆಗಳೇ ಬೆರಳಚ್ಚಿನಂತೆ ಒಬ್ಬರಿಗಿಂತ ಒಬ್ಬರಿಗೆ ಬೇರೆ. ಅದರ ಜೊತೆಗೆ ವಂಶವಾಹಿಯ ಮಾಹಿತಿ, ಊರು, ಜಾತಿ, ವಯಸ್ಸು ಸೇರಿದರೆ ಅನಾಮಧೇಯ ಎಂಬುದು ಪೊಳ್ಳು ಮಾತಾಗುತ್ತದೆ. ಒಂದು ತಾಲ್ಲೂಕಿನ, ಒಂದು ಸಣ್ಣ ಸಮುದಾಯದ ಜನರಾದರೆ ಮತ್ತಷ್ಟು ಸುಲಭ.

ವ್ಯಕ್ತಿಯ ಗುರುತು ಸಿಗದಿದ್ದರೂ ಸಮುದಾಯದ ಗುರುತು ಉಳಿಯುತ್ತದೆ ಎಂಬುದು ಇನ್ನೊಂದು ವಿಚಾರ. ಅಮೆರಿಕದ ಅರಿಜೋನಾದ ಮಹಾಕಂದರದ ತಳದಲ್ಲಿ ಹವಾಸುಪಾಯ್ ಎಂಬ ಸಣ್ಣ ಬುಡಕಟ್ಟು ಇದೆ. 1990ರಿಂದ ಅರಿಜೋನಾ ರಾಜ್ಯ ವಿಶ್ವವಿದ್ಯಾಲಯದವರು ಸಕ್ಕರೆ ಕಾಯಿಲೆಯ ಅಧ್ಯಯನಕ್ಕೆಂದು ಅವರ ರಕ್ತ ಪಡೆದರು. ಅದೇ ರಕ್ತದಿಂದ ಮುಂದೆ ಸ್ಕಿಜೋಫ್ರೇನಿಯಾದ ಬಗ್ಗೆ, ಒಳಸಂಬಂಧದ ಮದುವೆಗಳ ಬಗ್ಗೆ, ಅವರ ಪೂರ್ವಜರು ಎಲ್ಲಿಂದ ವಲಸೆ ಬಂದರೆಂಬ ಬಗ್ಗೆ ಲೇಖನಗಳು ಹೊರಬಂದವು. ಆ ಬುಡಕಟ್ಟಿನ ಹೆಣ್ಣುಮಗಳೊಬ್ಬರು 2003ರಲ್ಲಿ ವಿಶ್ವವಿದ್ಯಾಲಯದ ಸಭೆಯೊಂದರಲ್ಲಿ ಕುಳಿತು ತಮ್ಮವರ ರಕ್ತದ ಮೇಲಿನ ಪ್ರಬಂಧ ಕೇಳಿದಾಗಲೇ ವಿಷಯ ತಿಳಿದದ್ದು. ಮೊಕದ್ದಮೆ ನಡೆದು 2010ರಲ್ಲಿ ಏಳು ಲಕ್ಷ ಡಾಲರು ಪರಿಹಾರದೊಂದಿಗೆ ರಕ್ತದ ಮಾದರಿಗಳನ್ನು ಅವರಿಗೆ ಮರಳಿಸಿದರು. ಗಮನಿಸಬೇಕಾದದ್ದು, ಆ ಪ್ರಕರಣದಲ್ಲಿ ಯಾವ ಮಾಹಿತಿಯೂ 'ಕದ್ದದ್ದು' ಆಗಿರಲಿಲ್ಲ. ಸಹಿ ಇತ್ತು. ಸಹಿ ಹಾಕಿದವರಿಗೆ ಸಕ್ಕರೆ ಕಾಯಿಲೆಯ ಮಾತು ಮಾತ್ರ ನೆನಪಿತ್ತು. ಅತ್ತೆಯ ಮಗಳು, ಸೋದರಮಾವನ ಮಗಳನ್ನು ಮದುವೆಯಾಗುವ ವಾಡಿಕೆಯಿರುವ ನಮ್ಮ ದಕ್ಷಿಣದಲ್ಲಿ, ಹಿಂದೂಗಳಿರಲಿ ಮುಸ್ಲಿಮರಿರಲಿ, ಇಂಥ ಲೇಖನ ನಾಳೆ ನಮ್ಮ ಮೇಲೂ ಬರಬಹುದು. ಬರಲಿ, ಸತ್ಯವಿದ್ದರೆ ತಿಳಿಯೋಣ. ಆದರೆ ನಮ್ಮನ್ನು ಕುರಿತು ಬರೆದದ್ದು ನಮಗೇ ಕೊನೆಗೆ ಗೊತ್ತಾಗುವುದು ಯಾವ ನ್ಯಾಯ?

ಇನ್ನು ನಮ್ಮ ಕಾನೂನು. ಮಾನವ ದೇಹದ ಮಾದರಿಗಳನ್ನು ಹೊರದೇಶಕ್ಕೆ ಕಳಿಸುವ ಬಗ್ಗೆ ಕೇಂದ್ರ ಸರ್ಕಾರ 1997ರಲ್ಲೇ ಮಾರ್ಗಸೂಚಿ ಹೊರಡಿಸಿತ್ತು. ಹೊರದೇಶದ ಪಾಲಿರುವ ಆರೋಗ್ಯ ಸಂಶೋಧನೆಗಳನ್ನು ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿ ನೋಡುತ್ತದೆ. ಆದರೆ 2016ರ ಆಗಸ್ಟಿನಲ್ಲಿ ರಕ್ತ ಮತ್ತಿತರ ಮಾದರಿಗಳ ರಫ್ತನ್ನು ಸಡಿಲಗೊಳಿಸಿ, ಮುಚ್ಚಳಿಕೆ ಬರೆದುಕೊಟ್ಟರೆ ಸಾಕು ಎಂದರು. 2021ರಲ್ಲಿ ಜೈವಿಕ ತಂತ್ರಜ್ಞಾನ ಇಲಾಖೆ ಸಾರ್ವಜನಿಕ ಹಣದಿಂದ ಹುಟ್ಟಿದ ಜೈವಿಕ ಮಾಹಿತಿಯ ಹಂಚಿಕೆಗೆ ಮಾರ್ಗಸೂಚಿ ತಂದಿತು. 2022ರಲ್ಲಿ ಫರೀದಾಬಾದಿನಲ್ಲಿ ಭಾರತೀಯ ಜೈವಿಕ ದತ್ತಾಂಶ ಕೇಂದ್ರ ತೆರೆಯಿತು. ನಮ್ಮ ಬೆಂಗಳೂರಿನ ಮೆದುಳು ಸಂಶೋಧನಾ ಕೇಂದ್ರವೇ ಮುಂದಾಳಾಗಿದ್ದ ಜೀನೋಮ್ ಇಂಡಿಯಾ ಯೋಜನೆಯ ಸುಮಾರು 10 ಸಾವಿರ ಜನರ ಮಾಹಿತಿ 2025ರ ಜನವರಿಯಲ್ಲಿ ಅಲ್ಲಿಂದಲೇ ಸಂಶೋಧಕರಿಗೆ ಮುಕ್ತವಾಯಿತು.

ಇವೆಲ್ಲಕ್ಕಿಂತ ದೊಡ್ಡದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ. ಇದರ ಹಿಂದೆ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ದಾವೆ, ಖಾಸಗಿತನ ಮೂಲಭೂತ ಹಕ್ಕು ಎಂಬ 2017ರ ಸುಪ್ರೀಂ ಕೋರ್ಟ್ ತೀರ್ಪು ಇದೆ. ಆದ್ದರಿಂದ ಬಹಳ ಆಸೆಯಿಂದ ಓದಿದೆವು. 2019ರ ಮಸೂದೆಯಲ್ಲಿ ಆರೋಗ್ಯ ಮಾಹಿತಿಗೆ 'ಸೂಕ್ಷ್ಮ ಮಾಹಿತಿ' ಎಂಬ ಬೇರೆ ಸ್ಥಾನವಿತ್ತು. ಕಾಯ್ದೆಯಾಗುವಾಗ ಆ ಸ್ಥಾನ ಹೋಯಿತು. ಮೆದುಳಿನ ಚಿತ್ರಕ್ಕೂ ಮೊಬೈಲ್ ರೀಚಾರ್ಜಿನ ವಿವರಕ್ಕೂ ಈಗ ಒಂದೇ ತಕ್ಕಡಿ. 16ನೇ ಕಲಮು ಯಾವ ದೇಶಕ್ಕೆ ಮಾಹಿತಿ ಹೋಗಬಾರದು ಎಂದು ಹೇಳುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. 17ನೇ ಕಲಮಿನ ಒಂದು ಉಪಕಲಮು ಸಂಶೋಧನೆಗಾಗಿ ಬಳಸುವ ಮಾಹಿತಿಯನ್ನು, ಅದರಿಂದ ಒಬ್ಬ ನಿರ್ದಿಷ್ಟ ವ್ಯಕ್ತಿಯ ಬಗ್ಗೆ ತೀರ್ಮಾನ ಕೈಗೊಳ್ಳದಿದ್ದರೆ ಮತ್ತು ಸರ್ಕಾರ ಹೇಳಿದ ಮಾನದಂಡ ಪಾಲಿಸಿದರೆ, ಕಾಯ್ದೆಯ ಹೊರಗೇ ಇಟ್ಟಿದೆ. ಒಪ್ಪಿಗೆ ಹಿಂಪಡೆಯುವ ಹಕ್ಕು, ಅಳಿಸಿ ಎಂದು ಕೇಳುವ ಹಕ್ಕು ಎಲ್ಲವೂ ಆ ಬಾಗಿಲ ಆಚೆ ಉಳಿದವು. 2025ರ ನವೆಂಬರಿನಲ್ಲಿ ನಿಯಮಾವಳಿ ಪ್ರಕಟವಾಯಿತು. ಮುಖ್ಯ ಭಾಗಗಳು ಜಾರಿಗೆ ಬರಲು 18 ತಿಂಗಳ ಗಡುವು ಕೊಟ್ಟರು. ಸಂಶೋಧನೆಗೆ ಪಾಲಿಸಬೇಕಾದ ಮಾನದಂಡಗಳನ್ನೂ ಅದರಲ್ಲಿ ಸೇರಿಸಿದ್ದಾರೆ. ಎಲ್ಲವೂ ಮಾಹಿತಿ ಇಟ್ಟುಕೊಂಡವರು ಹೇಗೆ ನಡೆದುಕೊಳ್ಳಬೇಕು ಎಂಬ ಬುದ್ಧಿಮಾತು. ಕೊಟ್ಟವರು ಹೋಗಿ ಕೇಳುವ ಕಿಟಕಿ ಎಲ್ಲಿದೆ ಎಂದು ಹುಡುಕಿದರೆ ಸಿಗುವುದಿಲ್ಲ.

ಸಂಶೋಧನೆಗೆ ವಿನಾಯಿತಿ ಬೇಕು ಎಂಬುದನ್ನು ನಾವು ಒಪ್ಪುತ್ತೇವೆ. ಪ್ರತಿ ಲೆಕ್ಕಾಚಾರಕ್ಕೂ 10 ಸಾವಿರ ಮನೆಯ ಬಾಗಿಲು ಬಡಿಯಲು ಆಗದು. ಆದರೆ ವಿನಾಯಿತಿ ಬೇರೆ, ಕೊಟ್ಟವರನ್ನು ಕಡತದಿಂದಲೇ ಕೈಬಿಡುವುದು ಬೇರೆ.

ಹೊರಗಿನವರೂ ಇದೇ ದಾರಿಯಲ್ಲಿದ್ದಾರೆ. ಚೀನಾ 2019ರಲ್ಲಿ ತನ್ನ ಜನರ ವಂಶವಾಹಿ ಸಂಪತ್ತು ಹೊರಹೋಗದಂತೆ ಬಿಗಿ ನಿಯಮ ತಂದಿತು. ಅಮೆರಿಕ 2025ರ ಏಪ್ರಿಲಿನಲ್ಲಿ ತನ್ನ ಆರೋಗ್ಯ ಸಂಸ್ಥೆಯ ನಿಯಂತ್ರಿತ ಮಾಹಿತಿ ಭಂಡಾರಗಳನ್ನು ಚೀನಾ, ರಷ್ಯಾ, ಇರಾನ್, ಉತ್ತರ ಕೊರಿಯಾ, ಕ್ಯೂಬಾ, ವೆನೆಜುವೆಲಾದ ಸಂಶೋಧಕರಿಗೆ ಮುಚ್ಚಿತು. ಅಂಥ ಭಂಡಾರದಲ್ಲಿ ಯಾವ ದೇಶದವರ ಮಾಹಿತಿ ಇದ್ದರೂ ಇದೇ ನಿಯಮ. ಭಾರತದ ಅಜ್ಜನೊಬ್ಬನ ಮಾಹಿತಿ ಅಲ್ಲಿದ್ದರೆ ಅದನ್ನು ಇರಾನಿನ ವೈದ್ಯ ನೋಡಬಹುದೇ ಇಲ್ಲವೇ ಎಂಬುದು ವಾಷಿಂಗ್ಟನ್ನಿನ ತೀರ್ಮಾನ. ಅಜ್ಜನಿಗೆ ಇರಾನಿನ ಮೇಲೆ ಜಗಳವೇನೂ ಇರಲಿಕ್ಕಿಲ್ಲ. ಎಲ್ಲ ಸರ್ಕಾರಗಳೂ ಮಾಹಿತಿಯನ್ನು ದೇಶದ ಆಸ್ತಿ ಎಂದು ನೋಡುತ್ತಿವೆ. ಗಡಿಯಲ್ಲಿ ನಿಂತು ಕಾವಲು ಕಾಯುವವರು ಹೆಚ್ಚಾದರು, ಆಸ್ತಿ ಯಾರದೆಂದು ಕೇಳುವವರು ಕಡಿಮೆಯಾದರು. ಚಿಲಿ ದೇಶದ ಸುಪ್ರೀಂ ಕೋರ್ಟು 2023ರಲ್ಲಿ ಒಬ್ಬ ಮಾಜಿ ಸಂಸದರ ಮೆದುಳಿನ ಅಲೆಗಳ ಮಾಹಿತಿಯನ್ನು ಅಳಿಸುವಂತೆ ಅಮೆರಿಕದ ಕಂಪೆನಿಗೆ ಆದೇಶಿಸಿದ್ದು ಅಪರೂಪದ ಅಪವಾದ. 2025ರ ನವೆಂಬರಿನಲ್ಲಿ ಯುನೆಸ್ಕೊ ನರತಂತ್ರಜ್ಞಾನದ ನೀತಿಯ ಬಗ್ಗೆ ಶಿಫಾರಸು ಅಂಗೀಕರಿಸಿತು. ಅದು ಶಿಫಾರಸು ಮಾತ್ರ.

ನಮ್ಮ ರಾಜ್ಯದ್ದೇ ಒಂದು ತೀರ್ಪನ್ನು ಇಲ್ಲಿ ನೆನೆಯಬೇಕು. ಇಪ್ಪತ್ತು ವರ್ಷದ ಹಿಂದೆ ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯ ಮಂಪರು ಪರೀಕ್ಷೆಗೆ ದೇಶಕ್ಕೇ ಹೆಸರುವಾಸಿಯಾಗಿತ್ತು. ಆರೋಪಿಗಳು ಮಂಪರಿನಲ್ಲಿ ತೊದಲಿದ್ದನ್ನು ಟಿ.ವಿ.ಯಲ್ಲಿ ತೋರಿಸಿದ ಕಾಲವದು. ನಮ್ಮ ಓದುಗರಲ್ಲಿ ಹಲವರು ಅದನ್ನು ಮರೆತಿರಲಾರರು. ಸೆಲ್ವಿ ಮತ್ತು ಕರ್ನಾಟಕ ಸರ್ಕಾರದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2010ರ ಮೇ 5ರಂದು, ಒಪ್ಪಿಗೆಯಿಲ್ಲದೆ ಯಾರಿಗೂ ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ, ಮೆದುಳಿನ ಅಲೆಗಳ ಪರೀಕ್ಷೆ ಮಾಡುವಂತಿಲ್ಲ ಎಂದಿತು. ತಲೆಯ ಬಾಗಿಲಿಗೆ ಹೀಗೆ ಭದ್ರ ಬೀಗ ಬಿತ್ತು. ಆದರೆ ಒಪ್ಪಿ ಬಾಗಿಲು ತೆರೆದವರ ಮನೆಯಿಂದ ಹೊರಹೋದ ಸಾಮಾನಿನ ಗತಿಯೇನು ಎಂಬುದಕ್ಕೆ ಆ ತೀರ್ಪಿನಲ್ಲಿ ಉತ್ತರ ಹುಡುಕುವುದು ತಪ್ಪು. ಆ ಪ್ರಶ್ನೆ ಅಂದು ನ್ಯಾಯಾಲಯದ ಮುಂದೆ ಇರಲೇ ಇಲ್ಲ.

ಮಕ್ಕಳ ವಿಷಯವನ್ನೇ ನೋಡಿ. ತಂದೆ ತಾಯಿಯ ಸಹಿಯಿಂದ ಆರನೇ ವಯಸ್ಸಿನಲ್ಲಿ ಒಂದು ಅಧ್ಯಯನಕ್ಕೆ ಸೇರಿದ ಮಗು ಹದಿನೆಂಟಾದಾಗ ಏನಾಗಬೇಕು? ಐಸಿಎಂಆರ್‌ನ 2017ರ ಮಾರ್ಗಸೂಚಿ, ಅಧ್ಯಯನದ ನಡುವೆ ಮಗು ಪ್ರಾಯಕ್ಕೆ ಬಂದರೆ ಹೊಸದಾಗಿ ಒಪ್ಪಿಗೆ ಪಡೆಯಿರಿ ಎನ್ನುತ್ತದೆ. ಒಳ್ಳೆಯ ಮಾತು. ಅಷ್ಟರಲ್ಲಿ ಆ ಮಗುವಿನ ಮಾಹಿತಿ ಪ್ರತಿಯಾಗಿ ಮೂರು ದೇಶ ಸುತ್ತಿದ್ದರೆ, 'ನನಗೆ ಬೇಡ' ಎಂಬ ಹದಿನೆಂಟರ ಹುಡುಗನ ಮಾತು ಯಾವ ಊರಿನ ಯಾವ ಕಂಪ್ಯೂಟರಿಗೆ ಮುಟ್ಟಬೇಕು?

ಮತ್ತೆ ಆ ಎರಡು ಹಾಳೆಗಳ ಕನ್ನಡಕ್ಕೆ ಬರೋಣ. ದತ್ತಾಂಶ ಎಂಬ ಪದದಲ್ಲೇ 'ದತ್ತ' ಇದೆ, ಕೊಟ್ಟದ್ದು ಎಂದರ್ಥ. ಕೊಟ್ಟಾಯಿತು, ಮುಗಿಯಿತು. ದತ್ತು ಹೋದ ಮಗುವಿನ ಹಾಗೆ ಅದಕ್ಕೆ ಹೊಸ ಮನೆ, ಹೊಸ ಹೆಸರು. ವಿಜ್ಞಾನದ ಭಾಷೆ, ಕಾನೂನಿನ ಭಾಷೆ ಎರಡೂ ಈ ಪದದ ಮೇಲೇ ನಿಂತಿವೆ. ಇನ್ನೊಂದು ಪದ ನಮ್ಮ ಮನೆಗಳಲ್ಲಿದೆ: ಅಮಾನತ್. ಅರಬ್ಬಿಯಿಂದ ಬಂದು ಕನ್ನಡದಲ್ಲಿ ಅಮಾನತು ಆಯಿತು. ನಂಬಿ ಇರಿಸಿದ ವಸ್ತು ಎಂಬುದು ಮೂಲದ ಅರ್ಥ. ಕಚೇರಿಗಳ ಕೈಗೆ ಸಿಕ್ಕಿ ಈಗ ನೌಕರನನ್ನು ಕೆಲಸದಿಂದ ತಡೆಹಿಡಿಯುವುದಕ್ಕೆ ಮಾತ್ರ ಉಳಿದಿದೆ. ಒಂದು ಒಳ್ಳೆಯ ಪದ ಸಸ್ಪೆಂಡ್ ಆದದ್ದು ಹೀಗೆ! ಇಸ್ಲಾಮಿನಲ್ಲಿ ಅಮಾನತಿಗೆ ಇರುವ ತೂಕ ನಮ್ಮ ಓದುಗರಿಗೆ ಹೊಸದಲ್ಲ. ಆದರೆ ಇದು ಒಂದು ಧರ್ಮದವರ ಸ್ವತ್ತೂ ಅಲ್ಲ. ಊರಿಗೆ ಹೋಗುವಾಗ ಪಕ್ಕದ ಮನೆಯಲ್ಲಿ ಒಡವೆಯ ಡಬ್ಬಿ ಇಟ್ಟು ಹೋಗುವ ಯಾರಿಗೂ ಇದರ ಅರ್ಥ ಗೊತ್ತು.

ಶಾಸ್ತ್ರ ತಿಳಿದವರು ಇಲ್ಲಿ ತಕರಾರು ತೆಗೆಯಬಹುದು. ಅಮಾನತಾಗಿ ಇಟ್ಟ ವಸ್ತುವನ್ನು ಇಟ್ಟುಕೊಂಡವರು ಬಳಸುವಂತಿಲ್ಲ, ಸಂಶೋಧನೆಯ ಮಾಹಿತಿಯನ್ನಾದರೋ ಬಳಸಲೆಂದೇ ಕೊಡುತ್ತಾರೆ ಎಂದು. ಸರಿಯೇ. ಹಾಗಿದ್ದರೆ ಮದುವೆಗೆ ಪಕ್ಕದ ಮನೆಯಿಂದ ತಂದ ದೇಗ್‌ನ ಹಾಗೆ ಎಂದುಕೊಳ್ಳೋಣ. ಬಿರಿಯಾನಿ ಮಾಡಲು ತಂದದ್ದರಲ್ಲಿ ಬಿರಿಯಾನಿ ಮಾಡಬಹುದು. ಮೂರನೆಯವರಿಗೆ ಕೊಡುವುದಾದರೆ ಮನೆಯ ಯಜಮಾನಿಗೆ ಒಂದು ಮಾತು ಹೇಳಬೇಕು. 'ನಮ್ಮ ದೇಗ್ ಎಲ್ಲಿದೆ' ಎಂದು ಆಕೆ ಕೇಳಿದರೆ ಉತ್ತರ ಇರಬೇಕು. ಮಾಹಿತಿ ದೇಗ್‌ನಂತೆ ಒಂದೇ ಕಡೆ ಇರುವುದಿಲ್ಲ, ಸಾವಿರ ಪ್ರತಿಯಾಗುತ್ತದೆ, ಪ್ರಕಟವಾದ ಲೆಕ್ಕದಿಂದ ಒಬ್ಬರನ್ನು ಹಿಂದಕ್ಕೆ ತೆಗೆಯಲಾಗದು ಎಂಬುದೂ ನಿಜ. ಅದಕ್ಕೇ ನಾವು 'ಮರಳಿಸಿ' ಎಂದು ಹಟ ಹಿಡಿಯುತ್ತಿಲ್ಲ. ಎಲ್ಲಿದೆ ಎಂದು ಹೇಳಿ, ಅಷ್ಟೇ.

ಹೇಳುವುದು ಅಸಾಧ್ಯವೇ? ವಸಂತನರಸಾಪುರದ ಆ ಹಿರಿಯರ ಜಮೀನಿನ ಪಹಣಿಯನ್ನು ನೋಡಿ. ಭೂಮಿ ಯೋಜನೆಯಿಂದ ಪಹಣಿಗಳು ಕಂಪ್ಯೂಟರಿಗೆ ಏರಿ ಎರಡು ದಶಕ ದಾಟಿದವು. ಸರ್ವೆ ನಂಬರು ಕೊಟ್ಟರೆ ಸಾಕು, ಯಾರ ಹೆಸರಿನಿಂದ ಯಾರ ಹೆಸರಿಗೆ ಯಾವ ಮ್ಯುಟೇಶನ್ನಿನಲ್ಲಿ ಹೋಯಿತು, ಮೇಲೆ ಯಾವ ಬ್ಯಾಂಕಿನ ಸಾಲವಿದೆ, ಎಲ್ಲ ಕಾಣುತ್ತದೆ. 11ನೇ ಕಾಲಮ್ಮಿನಲ್ಲಿ ಋಣಭಾರಗಳನ್ನು ಬರೆಯುತ್ತಾರೆ. ಜಮೀನು ಕೈಬಿಟ್ಟವನೂ ತನ್ನ ಹೊಲದಲ್ಲಿ ಇಂದು ಯಾವ ಕಾರ್ಖಾನೆ ಇದೆ ಎಂದು ತೋರಿಸಬಲ್ಲ. ಮೆದುಳಿನ ಮಾಹಿತಿಗೂ ಇಂಥ ಒಂದು ಪಹಣಿ ಏಕಿರಬಾರದು? ಪ್ರತಿ ಅಧ್ಯಯನಕ್ಕೆ ಒಂದು ಪುಟ, ಕನ್ನಡದಲ್ಲಿ. ಮಾಹಿತಿ ಯಾವ ದೇಶದ ಯಾವ ಸಂಸ್ಥೆಗೆ, ಯಾವ ವರ್ಷ, ಯಾವ ಕೆಲಸಕ್ಕೆ ಹೋಯಿತು, ಅದರಿಂದ ಏನು ತಿಳಿಯಿತು, ಕಂಪೆನಿ ಯಾವುದಾದರೂ ಅದರಿಂದ ಔಷಧಿ ಮಾಡಿತೇ. ಯಾರ ಹೆಸರನ್ನೂ ಹಾಕಬೇಕಾಗಿಲ್ಲ. ಆಯಾ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಗೆ ವರ್ಷಕ್ಕೊಮ್ಮೆ ಅಂಟಿಸಿದರೂ ನಡೆದೀತು. ಹೊರದೇಶದ ಸಂಸ್ಥೆ ಈ ಪುಟಕ್ಕೆ ಸಾಲು ಸೇರಿಸಲು ಒಪ್ಪದಿದ್ದರೆ ಅದಕ್ಕೆ ಮಾಹಿತಿ ಬೇಡ ಎಂಬ ಒಂದು ಷರತ್ತನ್ನು ಒಪ್ಪಂದದಲ್ಲಿ ಬರೆಯುವ ಶಕ್ತಿ ಇಂದು ನಮ್ಮ ಸಂಸ್ಥೆಗಳಿಗೆ ಇದೆ. ಹಿಂದೆ ಹಣ ಅವರದಾಗಿತ್ತು, ತಲೆಬಾಗಿದೆವು. ಈಗ ಸಾವಿರಾರು ಜನರ ಮಾಹಿತಿ ನಮ್ಮಲ್ಲಿದೆ, ಬೇಕಾಗಿರುವುದು ಅವರಿಗೆ.

ಸಂಶೋಧಕರು ಇದನ್ನು ಹೊರೆ ಎನ್ನಬಹುದು. ಶ್ರೀನಿವಾಸಪುರದಂಥ ಅಧ್ಯಯನ ನಿಂತಿರುವುದೇ ಜನ ವರ್ಷ ವರ್ಷವೂ ಮತ್ತೆ ಬರುತ್ತಾರೆ ಎಂಬ ನಂಬಿಕೆಯ ಮೇಲೆ. ಏನಾಯಿತೆಂದು ಒಮ್ಮೆಯೂ ತಿಳಿಯದಿದ್ದರೆ ಮೂರನೇ ಸಲ ಕರೆದಾಗ ರೈತ ಬಿತ್ತನೆ ಬಿಟ್ಟು ಬರುವನೇ?

ಆ ಹಿರಿಯರಿಗೆ ನಾವು ಇಷ್ಟೆಲ್ಲ ಹೇಳಲಿಲ್ಲ. ಕಾಗದದ ಸಾರವನ್ನು ಅವರ ಮಾತಿನಲ್ಲಿ ತಿಳಿಸಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೊಟ್ಟಿದ್ದಕ್ಕೆ ಬೇಜಾರಿಲ್ಲ. ಯಾರಿಗಾದ್ರೂ ಒಳ್ಳೇದಾದ್ರೆ ಆಗ್ಲಿ. ಆದ್ರೆ ಅವ್ಳ ತಲೆ ಪಟ ಯಾವ ದೇಶದಾಗೈತೆ ಅಂತ ಕೇಳಿ ಒಂದು ಕಾಗ್ದ ಬರ್ಕೊಡಿ ಸಾಬ್ರೇ" ಎಂದರು. ಒಳಗೆ ಆಕೆ ಯಾರನ್ನೋ ಕರೆಯುತ್ತಿದ್ದರು, ಹೆಸರು ತಪ್ಪಾಗಿತ್ತು. ಬರೆದುಕೊಟ್ಟೆವು. ಆಸ್ಪತ್ರೆಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದಾಯಿತು. ತಲುಪಿದ ರಸೀದಿ ಬಂದಿದೆ. ಅದನ್ನೂ ಅವರು ಅದೇ ಪ್ಲಾಸ್ಟಿಕ್ ಕವರಿಗೆ ಸೇರಿಸಿಟ್ಟಿದ್ದಾರೆ.